ಮಗನ ಪಾಸು

ಗೇಟು ಅಂತ ಒಂದಿದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ರಾಯಚೂರಿನ ಒಂದು ಆಸ್ಪತ್ರೆಯ ಗೇಟಿನಲ್ಲಿ ನಾನು ಬಹಳ ವರ್ಷ ಕೂತಿದ್ದೆ. ಒಬ್ಬ ರೋಗಿಗೆ ಒಬ್ಬರೇ ಜೊತೆಗಾರರು, ಅವರಿಗೆ ಒಂದೇ ಪಾಸು. ಅದನ್ನು ಬರೆಯುವುದು ನನ್ನ ಕೆಲಸ. ಗೇಟಿನಲ್ಲಿ ಕೂತವನಿಗೆ ಜನ ಬೇಗ ಅರ್ಥವಾಗುತ್ತಾರೆ. ಅದೇನೂ ಸುಖದ ವಿದ್ಯೆಯಲ್ಲ. ಇವು ಎಪ್ಪತ್ತರ ದಶಕದ ಕೊನೆಯವು.

೧. ಗಿಳಿ

ಮಾನ್ವಿಯ ಒಬ್ಬ ಮಾಸ್ತರರ ಹೆಂಡತಿ ನಿದ್ದೆ ಬರುವುದಿಲ್ಲ ಅಂತ ಸೇರಿದರು. ಮಾಸ್ತರರು ತೀರಿಕೊಂಡು ಆರು ತಿಂಗಳಾಗಿತ್ತು. ಗಂಡುಮಕ್ಕಳು ನಾಲ್ವರು; ಒಬ್ಬೊಬ್ಬರಿಗೂ ಒಂದೊಂದು ಅಡಚಣೆ. ಜೊತೆಗೆ ಬಂದದ್ದು ಮನೆಯ ಗಿಳಿ. ಹೊತ್ತುಹೊತ್ತಿಗೆ ಅದು ಮಾಸ್ತರರ ದನಿಯಲ್ಲೇ, "ಗುಳಿಗಿ ತಗೊಂಡ್ಯೇನ?" ಅಂತ ಕೇಳುತ್ತಿತ್ತು. ಆಕೆ ಹೌದೆಂದು ನುಂಗಿ ಮಲಗುತ್ತಿದ್ದರು. ವಾರ್ಡಿನ ಉಳಿದವರೂ ತಮ್ಮ ತಮ್ಮ ಗುಳಿಗೆ ನುಂಗತೊಡಗಿದರು. ಡಾಕ್ಟರು ಮೈಸೂರು ಕಡೆಯವರು, ಹೊಸಬರು. ಗಿಳಿ ಇರಲಿ ಅಂದರು.

ಆಕೆ ಗುಣವಾಗಿ ಹೊರಡುವ ದಿನ ಹಿರಿಯ ಮಗ ಬಂದ. ಗಿಳಿ ಅವನನ್ನೂ ಅದೇ ಮಾತು ಕೇಳಿತು. ಸತ್ತ ಅಪ್ಪನ ದನಿ; ಅವನು ಗೋಡೆಗೆ ಒರಗಿಬಿಟ್ಟ.

ತಾಯಿ ಹೇಳಿದರು: "ಅಂಜಬ್ಯಾಡೋ. ಅದು ನಿನ್ನ ಕೇಳಿದ್ದಲ್ಲ."

೨. ಔಷಧ

ಜಾಲಹಳ್ಳಿಯ ಒಬ್ಬ ಮುದುಕ, ಜೀವಮಾನವೆಲ್ಲ ಕುರಿ ಕಾಯ್ದವನು. ಮಗ ಕುರಿಗಳನ್ನೆಲ್ಲ ಮಾರಿದ ದಿನದಿಂದ ಮುದುಕ ಬಾಯಿ ಬಿಡಲಿಲ್ಲ, ಮಾತಿಗೂ ಇಲ್ಲ, ಊಟಕ್ಕೂ ಇಲ್ಲ. ಮಗ ಅವನನ್ನು ಕರೆತಂದು, "ಹುಚ್ಚ ಹಿಡದದ್ರಿ. ಧಾರವಾಡಕ್ಕ ಬರದ್ ಕೊಟ್ಬಿಡ್ರಿ" ಅಂದ. ನಮ್ಮ ಕಡೆ ಧಾರವಾಡಕ್ಕೆ ಕಳಿಸುವುದು ಅಂದರೆ ಹುಚ್ಚಾಸ್ಪತ್ರೆಗೆ ಹಾಕುವುದು. ಎಂಟು ದಿನ ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಬರೆದುಕೊಡುತ್ತೇನೆ ಅಂದರು ಡಾಕ್ಟರು. ಪಾಸು ಬೇಕೇನು ಅಂತ ನಾನು ಮಗನನ್ನು ಕೇಳಿದೆ. ಮಾತಾಡದವನ ಜೊತೆ ಕೂತು ಏನು ಮಾಡಲಿ ಅಂದು ಊರ ಕಡೆಗೆ ಹೋಗುವ ದೇವದುರ್ಗದ ಬಸ್ಸು ಹತ್ತಿದ.

ನಾಲ್ಕನೇ ದಿನ ಗೇಟಿಗೆ ಒಂದು ಕರಿನಾಯಿ ಬಂತು. ಪಾದ ಒಡೆದಿದ್ದವು. ಅದು ಮುದುಕನ ಕುರಿನಾಯಿ, ಜಾಲಹಳ್ಳಿಯಿಂದ ನಡೆದು ಬಂದದ್ದು ಅಂತ ಆಮೇಲೆ ತಿಳಿಯಿತು. ಮೂರು ಸಲ ಕೋಲಿನಿಂದ ಓಡಿಸಿದೆ. ನಾಲ್ಕನೇ ಸಲ ಗಟಾರದಿಂದ ನುಸುಳಿ ಮುದುಕನ ಮಂಚದ ಕೆಳಗೆ ಸೇರಿಕೊಂಡಿತು. ಮುದುಕ ತನ್ನ ಬ್ರೆಡ್ಡು ಮುರಿದು ಹಾಕಿದ. ನಾಯಿ ಮೂಸಲಿಲ್ಲ. ಒಡೆಯ ಉಣ್ಣುವ ಮೊದಲು ಬಾಯಿ ಹಾಕಬಾರದು ಅಂತ ಅದಕ್ಕೆ ಕಲಿಸಿದವನು ಅವನೇ. ಬೇರೆ ದಾರಿ ಇಲ್ಲದೆ ತಾನೊಂದು ತುಂಡು ನುಂಗಿದ. ಆಮೇಲೆ ಅದು ತಿಂದಿತು.

ರೋಗಿ ಉಂಡನಂತೆ, ಯಾವ ಔಷಧ ಕೊಟ್ಟಿರಿ ಅಂತ ಡಾಕ್ಟರು ಕೇಳಿದರು. ನರ್ಸಬಾಯಿ ಮಂಚದ ಕೆಳಗೆ ತೋರಿಸಿದರು. ಔಷಧ ಕಿವಿ ತುರಿಸಿಕೊಳ್ಳುತ್ತಿತ್ತು.

೩. ಪರೀಕ್ಷೆ

ಮರುದಿನ ಡಾಕ್ಟರು ಮುದುಕನ ಎದುರು ಕೂತರು. ನಮ್ಮ ಕಡೆಯ ಮಾತು ಅವರಿಗೆ ಪೂರ್ತಿ ತಿಳಿಯದು, ಅದಕ್ಕೆ ನನ್ನನ್ನೂ ಕರೆದಿದ್ದರು. ಹೆಸರೇನು, ಇವತ್ತು ಯಾವ ವಾರ, ದೇಶದ ಪ್ರಧಾನಿ ಯಾರು? ಒಂದಕ್ಕೂ ಉತ್ತರವಿಲ್ಲ. ಉತ್ತರ ಕೊಡಬೇಕು ಅನ್ನಿಸುವಂಥ ಪ್ರಶ್ನೆಯೂ ಅದರಲ್ಲಿರಲಿಲ್ಲ.

ಅಷ್ಟರಲ್ಲಿ ನಾಯಿ ಡಾಕ್ಟರ ಬೂಟಿನ ಮೇಲೆ ಮೂತಿ ಇಟ್ಟಿತು. ಅವರು ಕಾಲು ಎಳೆದುಕೊಂಡು, "ಕಚ್ಚುತ್ತಾ?" ಅಂದರು.

ಮುದುಕ ಬಾಯಿ ಬಿಟ್ಟ. "ಅದು ಕಚ್ಚಂಗಿಲ್ರಿ. ಕಚ್ಚಾವ ಬಸ್ ಹತ್ತಿ ಹೋದ."

ಡಾಕ್ಟರು ನನ್ನ ಮುಖ ನೋಡಿದರು, ಇದರ ಅರ್ಥವೇನು ಅಂತ.

"ತಲಿ ನೆಟ್ಟಗ ಅದ ಅಂತ್ರಿ" ಅಂದೆ.

೪. ಪಾಸು

ಒಂದು ಹೊತ್ತು ನಾಯಿಯನ್ನು ಹೊರಗೆ ಹಾಕಿ ನೋಡಿದೆವು. ಮುದುಕ ಗೋಡೆಗೆ ಮುಖ ತಿರುಗಿಸಿ ಮಲಗಿದ; ಊಟ ಹಾಗೇ ಉಳಿಯಿತು. ನಾಯಿ ಹೋದರೆ ಧಾರವಾಡ, ಇದ್ದರೆ ಇಲ್ಲ. ಪಾಸು ಬರೆಯಿರಿ ಅಂದರು ಡಾಕ್ಟರು.

ಪುಸ್ತಕ ತೆಗೆದೆ. ಹೆಸರು, ಕರಿಯಾ. ಸಂಬಂಧ ಏನು ಬರೆಯಲಿ ಅಂತ ಮುದುಕನನ್ನೇ ಕೇಳಿದೆ.

"ಮಗ ಅಂತ ಬರಿಯಪ್ಪಾ."

ಬರೆದೆ. ಸಹಿ ಅಥವಾ ಹೆಬ್ಬೆಟ್ಟು ಅಂತ ಇನ್ನೊಂದು ಜಾಗವಿತ್ತು. ನಾಯಿಯ ಮುಂಗಾಲು ಮಸಿಗೆ ಅದ್ದಿ ಒತ್ತಿಸಿದೆ. ಎಷ್ಟೋ ಮಂದಿಗಿಂತ ಚೊಕ್ಕ ಬಿತ್ತು.

ಪಕ್ಕದ ಮಂಚದಲ್ಲಿ ಚಂದ್ರಬಂಡದ ಒಬ್ಬ ರೈತನಿದ್ದ. ಅವನ ಕುರಿಗಳನ್ನು ಕಾಯುವವರಿರಲಿಲ್ಲ. ಇಬ್ಬರೂ ಬರ್ರಿ ಅಂದ. ಎಂಟನೇ ದಿನ ಸಂಜೆ ಅವನ ಬಂಡಿ ಬರುವುದಿತ್ತು.

ಅದೇ ದಿನ ಮಧ್ಯಾಹ್ನ ಮಗ ಬಂದ, ಧಾರವಾಡದ ಚೀಟಿ ಒಯ್ಯಲು. ಒಳಗಿನವರಿಗೆ ನೀನು ಏನಾಗಬೇಕು ಅಂತ ಕೇಳಿದೆ.

"ಮಗ."

"ಮಗ ಒಳಗ ಅದಾನ. ಒಬ್ಬರಿಗೆ ಒಂದ ಪಾಸು."

"ಮಗ ಅಂದ್ರ ನಾ ಒಬ್ಬನೇ ಅದೀನಿ."

ಪುಸ್ತಕ ತಿರುಗಿಸಿ ತೋರಿಸಿದೆ. ಹೆಬ್ಬೆಟ್ಟು ನೋಡಿದ. ಆಮೇಲೆ ಗೇಟು ಹಿಡಿದುಕೊಂಡು ಕೂಗತೊಡಗಿದ: ನನ್ನ ಜಾಗದಾಗ ನಾಯಿ ಕುಂತದ, ನಾಯಿ ಹೆಬ್ಬೆಟ್ಟು ಒತ್ಯದ, ನಾಯಿ ನಮ್ಮಪ್ಪಗ ಮಗ ಆಗ್ಯದ. ಟಾಂಗಾದವರೆಲ್ಲ ಬಂದು ನೆರೆದರು.

ಡಾಕ್ಟರು ಹೊರಗೆ ಬಂದರು, ಕೈಯಲ್ಲಿ ಪೆನ್ನು ಮತ್ತು ಖಾಲಿ ಚೀಟಿ. ಮಗನನ್ನು ಮೇಲಿಂದ ಕೆಳಗೆ ನೋಡಿದರು. ಅಲ್ಲಿಯವರೆಗೆ ನಮ್ಮ ಕಡೆಯ ಮಾತು ಆಡದಿದ್ದವರು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಧಾರವಾಡಕ್ಕ ಕಳಸೂದು ಇವರ್ನೇನು?"

ನಾನು ಅಲ್ಲ ಅನ್ನಲಿಲ್ಲ.

ಅದು ಕಿವಿಗೆ ಬಿದ್ದದ್ದೇ ಮಗ ರಸ್ತೆಗೆ ಓಡಿ ಎದುರಿಗೆ ಬಂದ ಬಸ್ಸಿಗೆ ಕೈ ಮಾಡಿ ಹತ್ತಿದ. ಅಪ್ಪ ಹೇಗಿದ್ದಾನೆ ಅಂತ ಕೇಳಲಿಲ್ಲ. ಬೋರ್ಡೂ ನೋಡಲಿಲ್ಲ.

ನಾನು ನೋಡಿದೆ. ಧಾರವಾಡದ ಬಸ್ಸು.