ಹೆಲ್ಮೆಟ್ ಗಾಜು ಮತ್ತು ಅತ್ತಿಯ ಸವಾರಿ

"ಈ ಆಷಾಢ ಮುಗಿಯೂದರೊಳಗ ನನ್ನ ಹೆಲ್ಮೆಟ್ ಗ್ಲಾಸಿಗೆ ಮಬ್ಬು ಹಿಡಿಯೂದು ನಿಲ್ಲಲಿಲ್ಲ ಅಂದ್ರ ನನ್ನ ಹೆಸರು ಶಿವಯೋಗೀಶನಽ ಅಲ್ಲ!"

ಚಹಾದ ಕಪ್ಪನ್ನು ಟೇಬಲ್ಲಿನ ಮೇಲೆ ಕುಕ್ಕಿ ಶಿವಯೋಗೀಶ ಹೀಗೆ ಘೋಷಿಸಿದಾಗ ಅವನ ಹೆಂಡತಿ ಉಮಾಶ್ರೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಆತು ತೊಗೋರಿ. ಅಷ್ಟರಾಗ ಒಂದು ಛಲೋ ಹೆಸರು ನಾನೂ ನೋಡಿ ಇಟ್ಟಿರ್ತೇನಿ" ಎಂದಳು.

ಶಿವಯೋಗೀಶನ ಸಿಟ್ಟಿಗೆ ಕಾರಣವಿತ್ತು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಅವನದು ಕನ್ನಡಕದ ಅಂಗಡಿ. ಊರಿನವರ ಕಣ್ಣಿಗೆಲ್ಲ ಬೆಳಕು ಕೊಡುವ ಮಹಾನುಭಾವ! ಆದರೆ ಉಣಕಲ್ಲಿನ ಮನೆಯಿಂದ ಬೈಕ್ ಹತ್ತಿ ಅಂಗಡಿ ಮುಟ್ಟುವ ತನಕ ಅವನಿಗೇ ಏನೂ ಕಾಣುತ್ತಿರಲಿಲ್ಲ. ಜಿಟಿಜಿಟಿ ಮಳೆ ಹಿಡಿದರೆ ಹೆಲ್ಮೆಟ್ಟಿನ ಗಾಜಿಗೆ ಒಳಗಿನಿಂದ ಉಸಿರಿನ ಹಬೆ ಕಟ್ಟುತ್ತಿತ್ತು. ಅದರ ಹಿಂದಿನ ಕನ್ನಡಕಕ್ಕೂ ಕಟ್ಟುತ್ತಿತ್ತು. ಎರಡು ಪರದೆಗಳ ಹಿಂದೆ ಕೂತು ನಾಟಕ ನೋಡಿದ ಹಾಗೆ!

ಹಿಂದಿನ ದಿನವಷ್ಟೇ ಹಾಗಾಗಿತ್ತು. ಏನೂ ಕಾಣದೆ, ಮುಂದೆ ಹೋಗುತ್ತಿದ್ದ ಬೈಕಿನ ಕೆಂಪು ದೀಪವೊಂದನ್ನೇ ಗುರುವೆಂದು ನಂಬಿ ಹಿಂಬಾಲಿಸಿದ್ದ. ಗುರು ಎಡಕ್ಕೆ ಹೊರಳಿದರೆ ಶಿಷ್ಯನೂ ಎಡಕ್ಕೆ. ಗುರು ನಿಂತಾಗ ಶಿಷ್ಯನೂ ನಿಂತ. ಗಾಜು ಎತ್ತಿ ನೋಡಿದರೆ ಯಾರದೋ ಮನೆಯ ಕಂಪೌಂಡು! ತುಳಸಿಕಟ್ಟೆಗೆ ಅವನ ಮುಂದಿನ ಗಾಲಿ ತಾಕಿತ್ತು.

"ಯಾರ್ ಬೇಕಾಗಿತ್ರಿ?" ಎಂದು ಆ ಮನೆಯವನು ಕೇಳಿದ.

"ಯಾರೂ ಬ್ಯಾಡ್ರಿ. ರಸ್ತಾ ಬೇಕಾಗಿತ್ತು" ಎಂದು ಶಿವಯೋಗೀಶ ಗಾಡಿ ತಿರುಗಿಸಿದ್ದ.

ಈ ಅವಮಾನದ ನಂತರವೇ ಆ ಭೀಷಣ ಪ್ರತಿಜ್ಞೆ.

ಯುದ್ಧ ಟೂತ್‌ಪೇಸ್ಟಿನಿಂದ ಆರಂಭವಾಯಿತು. ಗಾಜಿನ ಒಳಗೆ ಪೇಸ್ಟು ಬಳಿದು ಒರೆಸಿದರೆ ಮಬ್ಬು ಹತ್ತಿರ ಸುಳಿಯುವುದಿಲ್ಲ ಎಂದು ಯಾರೋ ಹೇಳಿದ್ದರು. ಮಬ್ಬು ಸುಳಿಯಲಿಲ್ಲ, ನಿಜ. ಆದರೆ ಪುದೀನದ ಘಾಟು ಕಣ್ಣಿಗೆ ಹೊಕ್ಕು ಧಾರಾಕಾರ ನೀರು! ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತಿದ್ದ ಹಿರಿಯರೊಬ್ಬರು ಅವನ ಭುಜ ಮುಟ್ಟಿ, "ಧೈರ್ಯ ತೊಗೋರಿ. ಹೋದವರು ಹೋದ್ರು, ಇದ್ದವರು ಇರಬೇಕಲ್ರಿ" ಎಂದು ಸಮಾಧಾನ ಹೇಳಿದರು. ಅಷ್ಟು ಕಳಕಳಿಯಿಂದ ಹೇಳಿದವರಿಗೆ ಟೂತ್‌ಪೇಸ್ಟಿನ ಕಥೆ ಹೇಳುವುದು ಹೇಗೆ? ಶಿವಯೋಗೀಶ ಸುಮ್ಮನೆ ಕೈಮುಗಿದ.

ಆಮೇಲೆ ಬಟಾಟಿ. ಪಲ್ಯಕ್ಕೆಂದು ಇಟ್ಟಿದ್ದ ಬಟಾಟಿಯನ್ನು ಅರ್ಧಕ್ಕೆ ಕೊಯ್ದು ಗಾಜಿಗೆ ತಿಕ್ಕಿದ. ಅದು ಒಣಗಿ, ಗಾಜು ಗಂಜಿ ಹಾಕಿದ ಧೋತರದ ಹಾಗೆ ಬೆಳ್ಳಗಾಯಿತು. ಉಳಿದರ್ಧ ಬಟಾಟಿ ಕೈಯಲ್ಲಿ ಹಿಡಿದು ನಿಂತವನನ್ನು ನೋಡಿ ಉಮಾಶ್ರೀ ಕೇಳಿದಳು:

"ಹೆಲ್ಮೆಟ್ಟಿಗೆ ಒಗ್ಗರಣಿ ಯಾವಾಗ ಹಾಕೂದ್ರಿ?"

ಕೊನೆಗೆ ಅವನ ಕಣ್ಣು ಭಾಂಡೆ-ಪಾತ್ರೆ ತಿಕ್ಕುವ ಲಿಕ್ವಿಡ್ಡಿನ ಬಾಟಲಿಯ ಮೇಲೆ ಬಿತ್ತು. ಒಂದೇ ಹನಿ ಬಳಿದು, ಒಣಬಟ್ಟೆಯಿಂದ ಪೂರ್ತಿ ಒರೆಸಿ, ಪರೀಕ್ಷೆಗೆಂದು ಹೆಲ್ಮೆಟ್ ಹಾಕಿಕೊಂಡೇ ಬಚ್ಚಲಮನೆಗೆ ಹೋದ. ಬಕೀಟಿನ ತುಂಬ ಕುದಿಕುದಿ ನೀರು ಬಿಟ್ಟು, ಬಾಗಿಲು ಹಾಕಿ, ಹಬೆಯ ನಡುವೆ ತಪಸ್ಸಿಗೆ ಕೂತ. ಬಹಳ ಹೊತ್ತಾದ ಮೇಲೆ ಉಮಾಶ್ರೀ ಬಾಗಿಲು ಬಡಿದಳು. ಬಾಗಿಲು ತೆರೆಯಿತು. ಸೊಂಟದಲ್ಲಿ ಟವೆಲ್ಲು, ತಲೆಯ ಮೇಲೆ ಹೆಲ್ಮೆಟ್ಟು, ಸುತ್ತಲೂ ಹೊಗೆಯಂಥ ಹಬೆ!

"ಅಯ್ಯ ಶಿವನಽ! ಬಚ್ಚಲದಾಗ ಯಾವ ಟ್ರಾಫಿಕ್ ಪೊಲೀಸ್ ಹಿಡೀತಾನಂತ ಹಾಕ್ಕೊಂಡೀರಿ?"

"ಕಾಣಸಾಕತ್ತೈತಿ ಉಮಾ! ನಿನ್ನ ಮಾರಿ ಸ್ವಚ್ಛ ಕಾಣಸಾಕತ್ತೈತಿ!" ಶಿವಯೋಗೀಶ ಕುಣಿದಾಡಿದ.

"ಇಷ್ಟು ದಿನ ಕಂಡಿದ್ದಿಲ್ಲೇನು?" ಎಂದು ಆಕೆ ಒಳಗೆ ಹೋದಳು.

ಅಲ್ಲಿಗೇ ನಿಂತಿದ್ದರೆ ಅವನು ಗೆದ್ದಂತೆಯೇ. ಆದರೆ ಗೆದ್ದವನಿಗೆ ಬುದ್ಧಿ ಎಲ್ಲಿ ನಿಲ್ಲುತ್ತದೆ?

ಮಾರನೆಯ ದಿನ ಭಾನುವಾರ. ಅಮ್ಮಿನಬಾವಿಯಿಂದ ಅತ್ತೆ ಬಾಳವ್ವ ಬರುವವರಿದ್ದರು. ಇದು ಸಾಮಾನ್ಯ ಭೇಟಿಯಲ್ಲ. ಮದುವೆಯಾದಾಗಿನಿಂದ ಅಳಿಯನ ಅಂಗಡಿಯಲ್ಲಿ ಬಾಳವ್ವ ಒಂದೂ ಕನ್ನಡಕ ಮಾಡಿಸಿಕೊಂಡವರಲ್ಲ. "ಕಣ್ಣಿನ ವಿಷಯ, ಹುಡುಗಾಟಲ್ಲವಾ" ಎಂದು ದೂರದ ಬೆಳಗಾವಿಗೆ ಹೋಗುತ್ತಿದ್ದರು. ಅವರು ಬೆಳಗಾವಿಗೆ ಹೋದರೆ ಅಮ್ಮಿನಬಾವಿಯ ಅರ್ಧ ಊರು ಬೆಳಗಾವಿಗೆ ಹೋಗುತ್ತಿತ್ತು! ಈಗ, ಯಾವ ದೇವರು ಬುದ್ಧಿ ಕೊಟ್ಟನೋ, ಅಳಿಯನ ಹತ್ತಿರವೇ ಕಣ್ಣು ತೋರಿಸಲು ಒಪ್ಪಿದ್ದರು.

"ನೋಡ್ರಿ, ಅವ್ವ ಒಪ್ಪೂದಽ ಅಪರೂಪ. ಉಣಕಲ್ ಬಸ್‌ಸ್ಟಾಪಿನ್ಯಾಗ ಇಳೀತಾಳ. ಮಳ್ಯಾಗ ನಿಲ್ಲಸಬ್ಯಾಡ್ರಿ. ಬ್ಯಾರೆ ಏನೂ ಕಾರಭಾರ ಮಾಡಬ್ಯಾಡ್ರಿ" ಎಂದು ಉಮಾಶ್ರೀ ಕೈಮುಗಿದಳು.

"ನೀ ಕಾಳಜಿ ಬಿಡು!" ಎಂದ ಶಿವಯೋಗೀಶ, ಹಿತ್ತಲಿಗೆ ಹೋಗಿ ಲೆಕ್ಕ ಹಾಕಿದ. ಒಂದು ಹನಿಗೆ ಬಚ್ಚಲದ ಹಬೆ ತಡೆಯುತ್ತದೆ ಎಂದಾದರೆ, ಅರ್ಧ ಬಾಟಲಿಗೆ ಇಡೀ ಮಳೆಗಾಲ ತಡೆಯಬೇಕು! ಗಾಜಿನ ಒಳಗೂ ಹೊರಗೂ ದಪ್ಪಗೆ ಬಳಿದ. ಕನ್ನಡಕಕ್ಕೂ ಬಳಿದ. ಒರೆಸಿದರೆ ಔಷಧಿ ಹೋದೀತೆಂದು ಒರೆಸಲೇ ಇಲ್ಲ. ಹುಬ್ಬಳ್ಳಿಯ ಅರ್ಧ ಗಂಡಸರ ಮೈಮೇಲೆ ಇರುವಂಥದೇ ನೀಲಿ ರೇನ್‌ಕೋಟು ತೊಟ್ಟು, ರಣರಂಗಕ್ಕೆ ಹೊರಟ ವೀರನಂತೆ ಬೈಕಿಗೆ ಕಿಕ್ ಹೊಡೆದ.

ಓಣಿಯ ತಿರುವು ದಾಟುವುದರೊಳಗೆ ಮಳೆ ಜೋರಾಯಿತು. ಗಾಜಿಗೆ ಮಬ್ಬು ಹಿಡಿಯಲಿಲ್ಲ. ನೊರೆ ಹಿಡಿಯಿತು! ಹೊರಗೆ ಬಿದ್ದ ಹನಿಯೆಲ್ಲ ನೊರೆಯಾಗಿ ಉಬ್ಬಿತು, ಅಂಚಿನಿಂದ ಒಳಗಿಳಿಯಿತು, ಮೀಸೆಗೆ ಬಂತು, ಕಿವಿಗೆ ಹೊಕ್ಕಿತು. ಕನ್ನಡಕದ ಮೇಲೆ ಹಾಲು ಉಕ್ಕಿದಂತಾಯಿತು. ಅದನ್ನು ತೆಗೆದು ಕಿಸೆಗಿಟ್ಟ. ಕನ್ನಡಕವಿಲ್ಲದೆ ಅವನಿಗೆ ಎಮ್ಮೆಗೂ ಆಟೋಗೂ ವ್ಯತ್ಯಾಸ ತಿಳಿಯುವುದಿಲ್ಲ. ಗಾಜು ಎತ್ತಿದರೆ ಮುಖಕ್ಕೆ ಮಳೆ, ಇಳಿಸಿದರೆ ಕಣ್ಣಿಗೆ ನೊರೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು, ಗಾಡಿಯನ್ನು ಆಮೆಯ ಹಾಗೆ ತೆವಳಿಸುತ್ತ ಹೇಗೋ ಬಸ್‌ಸ್ಟಾಪು ಮುಟ್ಟಿದ.

ಅಲ್ಲಿ ಇಳಕಲ್ ಸೀರೆಯಂಥದು ಏನೋ ಕಂಡಿತು. ತಲೆಗೆ ಟವೆಲ್ಲು, ಕೈಯಲ್ಲಿ ಚೀಲ. ಇನ್ಯಾರಾಗಿರುತ್ತಾರೆ?

"ಬರ್ರಿ ಅತ್ತಿ, ಲಗೂ ಹತ್ರಿ!" ಎಂದು ನೊರೆಯೊಳಗಿನಿಂದ ಕೂಗಿದ.

"ಬಂದೆಲ್ಲಾ ನನ್ನ ಮುತ್ತು! ನಿಂತು ನಿಂತು ಕಾಲು ಸೋತು ಹೋದುವಲ್ಲೋ!" ಎನ್ನುತ್ತ ಆ ತಾಯಿ ಹತ್ತಿ ಕೂತಳು.

ಶಿವಯೋಗೀಶನಿಗೆ ರೋಮಾಂಚನ! ಇಷ್ಟು ವರ್ಷ "ಏನ್ರಿ ಅಳಿಯಂದ್ರ" ಎಂದು ದೂರದಿಂದಲೇ ಮಾತಾಡಿಸುತ್ತಿದ್ದ ಅತ್ತೆ ಇಂದು ಏಕವಚನಕ್ಕೆ ಇಳಿದಿದ್ದಾರೆ, ಸ್ವಂತ ಮಗನನ್ನು ಕರೆದ ಹಾಗೆ! ಮೇಲಾಗಿ 'ಮುತ್ತು' ಎಂದಿದ್ದಾರೆ! ಹಿಂದಿನಿಂದ ಯಾರೋ ಛತ್ರಿ ಬೀಸಿ ಕೂಗಿದಂತಾಯಿತು. ಆದರೆ ಕಿವಿಯಲ್ಲಿ ನೊರೆ, ಮನಸ್ಸಿನಲ್ಲಿ ಆನಂದ. ಗಾಡಿ ಬಿಟ್ಟ.

"ಮನ್ಯಾಗ ಹೆಂಡ್ತಿ ಹೆಂಗದಾಳೋ ತಮ್ಮಾ? ಇನ್ನೂ ಹಂಗಽ ಮಾತಿಗೆ ಮಾತು ಕೊಡ್ತಾಳೇನು?"

"ಏನ್ ಹೇಳಲಿ ಅತ್ತಿ! ನನ್ನದು ಒಂದು ಮಾತಾದ್ರ ಆಕೀದು ಹತ್ತು!"

"ಆಕೀದೇನು ತಪ್ಪಲ್ಲ ತೊಗೋ. ಹಂಗ ಬೆಳಸಿದ ಆಕಿ ಅವ್ವಂದು ತಪ್ಪು."

ಶಿವಯೋಗೀಶ ಬ್ರೇಕ್ ಒತ್ತಿಯೇ ಬಿಡುತ್ತಿದ್ದ. ಏನು ಕೇಳುತ್ತಿದ್ದೇನೆ! ಪಶ್ಚಾತ್ತಾಪ! ಬಾಳವ್ವನ ಬಾಯಿಂದ ಬಾಳವ್ವನದೇ ನಿಂದೆ! ದೊಡ್ಡವರಿಗೆ ತಪ್ಪು ಒಪ್ಪಿಕೊಳ್ಳುವಾಗ 'ನಾನು' ಎನ್ನಲು ಸಂಕೋಚ, ಅದಕ್ಕೇ ಬೇರೆಯವರ ಸುದ್ದಿ ಹೇಳಿದಂತೆ ಹೇಳುತ್ತಿದ್ದಾರೆ, ಪಾಪ!

"ಆಕಿ ಅವ್ವನ ಬಾಯಿ ಅಂದ್ರ ಬೋರಿನ ಪಂಪಪ್ಪಾ. ಒಮ್ಮೆ ಚಾಲೂ ಆತಂದ್ರ ಕರೆಂಟ್ ಹೋಗೂತನಾ ನಿಲ್ಲಂಗಿಲ್ಲ" ಎಂದಳು ಹಿಂದಿನಾಕೆ.

"ನೀವಽ ಅಂದಿರಿ ಅಂತ ನಾನೂ ಅಂತೇನಿ ಅತ್ತಿ!" ವರ್ಷಗಳಿಂದ ಕಟ್ಟಿಕೊಂಡಿದ್ದ ಒಡ್ಡು ಒಡೆಯಿತು. "ಕರೆಂಟ್ ಹೋದ್ರೂ ನಿಲ್ಲಂಗಿಲ್ಲ, ಡೀಸೆಲ್ ಮ್ಯಾಲೆ ನಡೀತೈತಿ! ಆ ಹೆಣಮಗಳು ಮನಿಗೆ ಬಂದ್ರ ನನ್ನ ಕುರ್ಚಿ ನನಗ ಸಿಗಂಗಿಲ್ಲ. ನಮ್ಮ ಮಾವನವ್ರಂತೂ ಬಾಯಿ ತಗಿಯೂದು ಎರಡಽ ಹೊತ್ತು, ಉಣ್ಣಾಗ ಒಮ್ಮೆ, ಆಕಳಿಸಾಗ ಒಮ್ಮೆ!"

"ಖರೇ ಅಂದಿ ನೋಡು!" ಎಂದು ಆಕೆ ಬೆನ್ನು ಚಪ್ಪರಿಸಿದಳು. ಮನೆ ಮುಟ್ಟುವವರೆಗೂ ಇಬ್ಬರೂ ಸೇರಿ ಆ ಹೆಣ್ಣುಮಗಳನ್ನು ಸಾಬೂನಿಲ್ಲದೆ ತೊಳೆದರು. ಮದುವೆಯಾದ ಮೇಲೆ ಶಿವಯೋಗೀಶ ಇಷ್ಟು ಹಗುರಾಗಿರಲಿಲ್ಲ!

ಮನೆಯ ಗೇಟಿನಲ್ಲಿ ಉಮಾಶ್ರೀ ಕಿವಿಗೆ ಫೋನು ಹಚ್ಚಿ ನಿಂತಿದ್ದಳು. ಅದರೊಳಗಿನ ದನಿ ಬೀದಿಗೆಲ್ಲ ಕೇಳುತ್ತಿತ್ತು.

"ಹಾಡಹಗಲ, ನನ್ನ ಕಣ್ಣ ಮುಂದ, ನಿನ್ನ ಗಂಡ ಬ್ಯಾರೆ ಹೆಣಮಗಳನ್ನ ಹಿಂದ ಕುಂಡ್ರಿಸಿಕೊಂಡು ಹ್ವಾದ! ಛತ್ರಿ ಬೀಸಿ ಬೀಸಿ ನನ್ನ ರಟ್ಟಿ ಹೋದುವು. ನನ್ನ ಕಣ್ಣು ಮಬ್ಬಾಗ್ಯಾವು, ಕುರುಡಿ ಆಗಿಲ್ಲ ಇನ್ನೂ!"

ಉಮಾಶ್ರೀ ಗಂಡನನ್ನು ನೋಡಿದಳು. ಅವನ ಹಿಂದೆ, ಟವೆಲ್ಲು ಸರಿಸುತ್ತ ಇಳಿಯುತ್ತಿದ್ದ ಎಪ್ಪತ್ತರ ಮುದುಕಿಯನ್ನು ನೋಡಿದಳು.

"ಇವರು ಯಾರ್ರಿ?"

"ಯಾರು ಅಂದ್ರ? ನಿಮ್ಮವ್ವ!" ಎನ್ನುತ್ತ ಶಿವಯೋಗೀಶ ಹೆಲ್ಮೆಟ್ ತೆಗೆದ. ಬೋಳುತಲೆಯ ತುಂಬ ನೊರೆ, ಕೆಂಪು ಕಣ್ಣು, ನೊರೆಯದೇ ಬಿಳಿ ಗಡ್ಡ!

ಮುದುಕಿ ಕಿಟಾರನೆ ಕಿರುಚಿದಳು. "ಯವ್ವಾ! ಇಂವ ನಮ್ಮ ಮುತ್ತು ಅಲ್ಲ!"

ಆಕೆಯ ಹೆಸರು ರೇಣವ್ವ. ಮುತ್ತು ಎಂದರೆ ಆಕೆಯ ಅಣ್ಣನ ಮಗ. ಅವನು ಉಣಕಲ್ಲಿನಲ್ಲಿ ಹೊಸ ಬಾಡಿಗೆ ಮನೆ ಹಿಡಿದಿದ್ದ. ಸೋದರತ್ತೆಯನ್ನು ಕರೆದೊಯ್ಯಲು ನೀಲಿ ರೇನ್‌ಕೋಟು ತೊಟ್ಟು ಬರುತ್ತೇನೆಂದು ಹೇಳಿದ್ದ. ರೇನ್‌ಕೋಟಿನವನೊಬ್ಬ ಬಂದು "ಅತ್ತಿ" ಎಂದ, ಈಕೆ ಹತ್ತಿದಳು. ಹೆಂಡತಿಯ ತಾಯಿಯೂ ಅತ್ತಿ, ಅಪ್ಪನ ತಂಗಿಯೂ ಅತ್ತಿ! ಕನ್ನಡ ಭಾಷೆಯೇ ಹೀಗೆ ಮೋಸ ಮಾಡಿದರೆ ಶಿವಯೋಗೀಶ ಯಾರಿಗೆ ದೂರು ಕೊಡಬೇಕು?

ಅಷ್ಟರಲ್ಲಿ ಫೋನಿನಿಂದ ಇನ್ನೊಂದು ಸುದ್ದಿ. ಬಸ್‌ಸ್ಟಾಪಿನಲ್ಲಿ ಮುತ್ತು ಎಂಬುವನು ಅತ್ತೆ ಕಾಣೆಯಾದಳೆಂದು ಬೊಬ್ಬೆ ಹಾಕುತ್ತಿದ್ದಾನಂತೆ! "ಯವ್ವಾ, ಆ ಹುಡುಗನ ಗಾಡಿ ಹತ್ತು, ಅವರ ಅತ್ತಿ ಇಲ್ಲೇ ಅದಾರ" ಎಂದು ಉಮಾಶ್ರೀ ಮನೆಯ ಗುರುತು ಹೇಳಿದಳು.

ಗಂಡನಿಗೆ ಮುಖ ತೊಳೆಯಲೂ ಬಿಡದೆ ಪಡಸಾಲೆಯಲ್ಲಿ ನಿಲ್ಲಿಸಿ ಅವಳು ವಿಚಾರಣೆ ಶುರುಮಾಡಿದಳು.

"ನನ್ನವ್ವನ ದನಿ ಸೈತ ಗೊತ್ತಾಗಲಿಲ್ಲೇನ್ರಿ? ದಾರಿ ತುಂಬ ಏನ್ ಮಾತಾಡಿದ್ರಿ?"

"ಏನಿಲ್ಲ, ಮಳಿ ಬೆಳಿ..." ಎಂದು ಶಿವಯೋಗೀಶ ತೊದಲಿದ.

"ಸುಳ್ಳ ಯಾಕ ಹೇಳ್ತೀಯೋ ಯಪ್ಪಾ?" ರೇಣವ್ವ ಹೆದರಿಕೆ ಬಿಟ್ಟು ಹುರುಪಿಗೆ ಬಂದಿದ್ದಳು. "ತನ್ನ ಹೆಂಡ್ತಿ ಅವ್ವನ ಬಗ್ಗೆ ಎಷ್ಟು ಛಂದ ಹೇಳಿದ್ನವಾ ಇಂವ! ಆಕಿ ಬಾಯಿ ಡೀಸೆಲ್ ಮ್ಯಾಲೆ ನಡೀತೈತಂತ! ಆಕಿ ಗಂಡ ಬಾಯಿ ತಗಿಯೂದು ಉಣ್ಣಾಕ, ಆಕಳಸಾಕ ಅಷ್ಟಽ ಅಂತ! ನಕ್ಕು ನಕ್ಕು ನಾ ಗಾಡಿ ಮ್ಯಾಗಿಂದ ಬೀಳತಿದ್ದೆ!"

"ಯಾರ ಗಂಡ?" ಎಂದು ಬಾಗಿಲಿನಿಂದ ಒಂದು ದನಿ ಕೇಳಿತು.

ಹೊಸ್ತಿಲ ಮೇಲೆ ಛತ್ರಿ ಮಡಚುತ್ತ ಬಾಳವ್ವ ನಿಂತಿದ್ದರು. ಹಿಂದೆ ಹೆಲ್ಮೆಟ್ ಹಿಡಿದ ಮುತ್ತು. ಕನ್ನಡಕವಿಲ್ಲದ ಕಣ್ಣಿಗೂ ಕಾಣುವಂತೆ ಅವನ ಹೆಲ್ಮೆಟ್ಟಿನ ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸಾವು ಎದುರಿಗೆ ನಿಂತಿದ್ದರೂ ಶಿವಯೋಗೀಶನ ಬಾಯಿ ತಡೆಯಲಿಲ್ಲ.

"ನಿಮ್ಮ ಗ್ಲಾಸಿಗೆ ಏನ್ ಹಚ್ತೀರಿ?"

"ಏನೂ ಹಚ್ಚಂಗಿಲ್ರಿ" ಎಂದ ಮುತ್ತು. "ಗ್ಲಾಸು ಒಂದು ಬೆರಳಿನಷ್ಟು ಮ್ಯಾಲೆ ಎತ್ತಿ ಇಟ್ಟಿರ್ತೇನ್ರಿ. ಗಾಳಿ ಆಡ್ತೈತಲ್ರಿ."

ಬಾಳವ್ವ ನಿಧಾನಕ್ಕೆ ಬಂದು, ಅಳಿಯನ ಕುರ್ಚಿಯಲ್ಲೇ ಕೂತು, ಅವನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಬೆಳಗಾವಿಯ ಬಸ್ಸು ತನ್ನ ಕಣ್ಣೆದುರೇ ಹೊರಟಂತೆ ಶಿವಯೋಗೀಶನಿಗೆ ಕಂಡಿತು, ಅದರೊಳಗೆ ಇಡೀ ಅಮ್ಮಿನಬಾವಿ ಕೂತಿತ್ತು.

"ಏನ್ರಿ ಅಳಿಯಂದ್ರ, ಇದೆಲ್ಲಾ ನೀವಽ ಅಂದಿದ್ದು ಖರೇನು?"

"ಖರೇ ರೀ ಅತ್ತಿ" ಎಂದ, ನೆಲ ನೋಡುತ್ತ.

ಬಾಳವ್ವನ ಹೊಟ್ಟೆ ಕುಲುಕಿತು. ಆಮೇಲೆ ಭುಜ ಕುಲುಕಿತು. ಆಮೇಲೆ ಕುರ್ಚಿಯೇ ಕಿರುಗುಟ್ಟುವಂತೆ ಅವರು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದರು.

"ನನ್ನ ಮುಂದ ಹ್ಞೂಂ, ಊಹ್ಞೂಂ ಬಿಟ್ಟು ಮೂರನೇದ್ದು ಮಾತಾಡದ ಮನಷ್ಯಾ ಇವತ್ತ ಇಷ್ಟೆಲ್ಲಾ ಮಾತಾಡ್ಯಾರ ನೋಡವಾ! ಅದು ಯಾವ ಸಾಬೂನ ಹಚ್ಚೀರಿ ಹೇಳ್ರಿ ಅಳಿಯಂದ್ರ. ಒಂದು ಬಾಟ್ಲಿ ಊರಿಗೆ ಒಯ್ತೇನಿ. ನಿಮ್ಮ ಮಾವನವ್ರ ಬಾಯಿಗೂ ಒಂದೀಟು ಹಚ್ಚಿ ನೋಡ್ತೇನಿ!"

ಇದಕ್ಕೆ ತಕ್ಕ ಉತ್ತರ ಕೊಡಲೇಬೇಕೆಂದು ಶಿವಯೋಗೀಶ ಬಾಯಿ ತೆರೆದ. ಮಾತಿನ ಬದಲು ಮೀಸೆಯ ತುದಿಯಿಂದ ಒಂದು ದೊಡ್ಡ ಗುಳ್ಳೆ ಬಂತು, ಗಾಳಿಯಲ್ಲಿ ತೇಲುತ್ತ ಹೋಗಿ ಬಾಳವ್ವನ ಮೂಗಿನ ಮೇಲೆ ಪಟ್ಟನೆ ಒಡೆಯಿತು.