ಸಣ್ಣ ಮಾಸ್ಟರ ಸರದಿ

ತಪ್ಪೆಲ್ಲ ಬೆಳಗಿನ ಪತ್ರಿಕೆಯದು. ಯಾವುದೋ ದೂರದ ದೇಶದಲ್ಲಿ ಎಂಬತ್ತೊಂದು ವರ್ಷದ ಮುಖಂಡರೊಬ್ಬರು, ಯಾರೂ ಕೇಳದೆ ಯಾರೂ ನೂಕದೆ, ಕುರ್ಚಿ ಬಿಟ್ಟು ಎದ್ದುಬಿಟ್ಟಿದ್ದರು. ಇನ್ನು ಕಿರಿಯರು ನಡೆಸಲಿ ಅಂದರಂತೆ. ಸುದ್ದಿ ಓದಿದ ಸಣ್ಣ ಮಾಸ್ಟರಿಗೆ ಚಹಾ ನೆತ್ತಿಗೇರಿತು.

ಸಣ್ಣ ಮಾಸ್ಟರು ಅಂದರೆ ಎಳೆ ಹುಡುಗ ಅಂದುಕೊಳ್ಳಬೇಡಿ. ವಯಸ್ಸು ಐವತ್ತೆಂಟು, ತಲೆ ನುಣ್ಣಗೆ. ಅಪ್ಪನ ಟೈಲರ್ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಕಾಜಾ ಹೊಲಿದು, ಗುಂಡಿ ಹಚ್ಚಿ, ಪ್ಯಾಂಟಿನ ಅಂಚು ಮಡಿಸಿದ್ದೇ ಬಂತು. ಮೂರು ವರ್ಷದ ಹಿಂದೆ ಕೆಲಸಕ್ಕೆ ಕೂತ ಇವರ ಮಗಳು ಆಗಲೇ ಇಡೀ ಶರ್ಟು ಹೊಲಿಯುತ್ತಿದ್ದಳು. ಆದರೆ ಬಟ್ಟೆಗೆ ಕತ್ತರಿ ಹಾಕುವವರು ಎಂಬತ್ತೆರಡರ ಅಪ್ಪ, ಅಂದರೆ ದೊಡ್ಡ ಮಾಸ್ಟರು, ಒಬ್ಬರೇ. ಕತ್ತರಿ ಹಿಡಿದವನೇ ಅಂಗಡಿಗೆ ಯಜಮಾನ. ಅವತ್ತು ಮೇಜಿನ ಮೇಲೆ ವಕೀಲರೊಬ್ಬರ ಕರಿ ಕೋಟಿನ ಬಟ್ಟೆ ಕಾಯುತ್ತಿತ್ತು. ಸಾಯುವುದರೊಳಗೆ ಒಂದೇ ಒಂದು ಕೋಟು ತಾನೇ ಕತ್ತರಿಸಬೇಕು. ಪಾಪ, ಸಣ್ಣ ಮಾಸ್ಟರಿಗೆ ಇದ್ದದ್ದು ಅಷ್ಟೇ ಆಸೆ.

"ಅಪ್ಪ, ಎಂಥ ದೊಡ್ಡ ಮನುಷ್ಯ ನೋಡಿ," ಅಂತ ಸುದ್ದಿಯನ್ನು ಗಟ್ಟಿಯಾಗಿ ಓದಿದರು. "ಹಿಡ್ಕೊಳ್ಳೋದು ಯಾರಿಗಾದ್ರೂ ಬರುತ್ತೆ. ಬಿಟ್ಟುಕೊಡೋದೇ ದೊಡ್ಡತನ."

"ಮೈಗೆ ಹುಷಾರಿರಲಿಲ್ವೇನೋ," ಅಂದರು ದೊಡ್ಡ ಮಾಸ್ಟರು.

"ಗುಂಡುಕಲ್ಲಿನ ಹಾಗಿದ್ದಾರಂತೆ. ಹೊಸಬರಿಗೆ ದಾರಿ ಬಿಡ್ಬೇಕು ಅಂತ ಬಿಟ್ಟರಂತೆ."

"ಹೌದಾ, ಒಳ್ಳೇದು. ಆ ಪ್ಯಾಂಟಿನ ಅಂಚು ಮುಗೀತಾ?"

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಸಣ್ಣ ಮಾಸ್ಟರು ಪಕ್ಕದ ಕ್ಷೌರದಂಗಡಿಯವನ ಹತ್ತಿರ ಹೋಗಿ, "ನೀನೊಂದು ಮಾತು ಹೇಳಿ ನೋಡು ಮಾರಾಯ," ಅಂದರು. ಆ ಆಸಾಮಿ ಕರೆಯದಿದ್ದರೂ ಬರುವವನು, ಕರೆದರೆ ಕೇಳಬೇಕೆ. ಅರ್ಧ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಬಂದ.

"ದೊಡ್ಡ ಮಾಸ್ಟರೇ, ವಯಸ್ಸಾದ ಮೇಲೆ ಕಣ್ಣು ಮೋಸ ಮಾಡುತ್ತೆ. ಕಣ್ಣು ಚುರುಕಾಗಿರೋರು ಕತ್ತರಿ ಹಿಡಿದ್ರೆ ಚೆಂದ."

ದೊಡ್ಡ ಮಾಸ್ಟರು ಸೂಜಿ ಎತ್ತಿಕೊಂಡು, ಕನ್ನಡಕವಿಲ್ಲದೆ, ಒಂದೇ ಸಲಕ್ಕೆ ದಾರ ಪೋಣಿಸಿದರು. ಇನ್ನೊಂದು ಸೂಜಿಯನ್ನು ಮಗನ ಕೈಗೆ ಕೊಟ್ಟರು. ಸಣ್ಣ ಮಾಸ್ಟರು ಕನ್ನಡಕ ಏರಿಸಿದರು, ಇಳಿಸಿದರು, ದಾರದ ತುದಿಗೆ ಎಂಜಲು ಹಚ್ಚಿದರು, ಬೆಳಕು ಸಾಲದು ಅಂತ ಬಾಗಿಲಿಗೆ ಹೋದರು. ಕೊನೆಗೆ ಮಗಳು ಎದ್ದು ಬಂದು ಪೋಣಿಸಿಕೊಟ್ಟಳು.

"ಹೌದಲ್ಲ, ಕಣ್ಣು ಮುಖ್ಯ," ಅಂದರು ದೊಡ್ಡ ಮಾಸ್ಟರು, ಏನನ್ನೋ ಯೋಚಿಸುತ್ತ.

ಸಣ್ಣ ಮಾಸ್ಟರು ಕ್ಷೌರದವನನ್ನು ಹೊರಗೆಳೆದು, "ಉಪಕಾರ ಮಾಡು ಅಂದ್ರೆ ನನ್ನ ಮಾನ ತೆಗೆದೆಯಲ್ಲೋ," ಅಂತ ಹಲ್ಲು ಕಡಿದರು.

"ಕಣ್ಣು ಹೋದ್ರೆ ಹೋಗಲಿ, ಬಿಪಿ ಇದೆಯಲ್ಲ," ಅಂದ ಅವನು, ಸ್ವಲ್ಪವೂ ನಾಚದೆ. ಎಂಬತ್ತೆರಡಕ್ಕೆ ಬಿಪಿ ಇಲ್ಲದೆ ಇರುತ್ತದೆಯೇ ಅಂತ ಅವನ ಲೆಕ್ಕ.

ಮಧ್ಯಾಹ್ನ ಎದುರಿನ ಔಷಧದಂಗಡಿಯವರು ಬಿಪಿ ಯಂತ್ರ ಹಿಡಿದುಕೊಂಡೇ ಬಂದರು. ದೊಡ್ಡ ಮಾಸ್ಟರ ತೋಳಿಗೆ ಪಟ್ಟಿ ಸುತ್ತಿ ನೋಡಿ, "ನೂರ ಇಪ್ಪತ್ತು, ಎಂಬತ್ತು. ಹುಡುಗರ ಬಿಪಿ ಇದು," ಅಂದರು. ಅಷ್ಟಕ್ಕೇ ಹೋಗಬಾರದಿತ್ತೇ? ಬಂದದ್ದು ಬಂದಾಯಿತು ಅಂತ ಸಣ್ಣ ಮಾಸ್ಟರ ತೋಳಿಗೂ ಸುತ್ತಿದರು. ನೂರ ಎಪ್ಪತ್ತೈದು.

"ಇವರನ್ನ ಕೆಲಸಕ್ಕೆ ಯಾಕ್ರೀ ಬಿಟ್ಟಿದ್ದೀರಿ?"

"ನನಗೇನೂ ಆಗಿಲ್ಲ ರೀ," ಅಂತ ಸಣ್ಣ ಮಾಸ್ಟರು ಬೀದಿಗೆಲ್ಲ ಕೇಳುವ ಹಾಗೆ ಅರಚಿದರು.

"ನೋಡಿ, ಕೋಪಾನೂ ಬರ್ತಿದೆ," ಅಂದರು ಔಷಧದಂಗಡಿಯವರು.

ಸಂಜೆ ದೊಡ್ಡ ಮಾಸ್ಟರು ಕೈ ತೊಳೆದುಕೊಂಡು ಬಂದು ಎಲ್ಲರನ್ನೂ ಕರೆದರು. ನೆರೆಯವರಿಬ್ಬರೂ ಮೊದಲೇ ಬಂದು ನಿಂತಿದ್ದರು ಅನ್ನಿ.

"ಬೆಳಿಗ್ಗೆಯಿಂದ ಯೋಚನೆ ಮಾಡಿದೆ. ಪೇಪರಿನಲ್ಲಿ ಬಂದ ಆ ಮನುಷ್ಯ ಮಾಡಿದ್ದೇ ಸರಿ. ಇವತ್ತಿಗೆ ನಾನು ಕತ್ತರಿ ಕೆಳಗಿಟ್ಟೆ."

ಸಣ್ಣ ಮಾಸ್ಟರ ಕಣ್ಣು ತುಂಬಿಬಂತು. ಮೂವತ್ತನಾಲ್ಕು ವರ್ಷ ಅಂದರೆ ಹುಡುಗಾಟವೇ? ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡೂ ಕೈ ಚಾಚಿದರು.

"ನಿನ್ನ ಮಾತು ಮನಸ್ಸಿಗೆ ನಾಟಿತು ಕಣೋ," ಅಂದರು ದೊಡ್ಡ ಮಾಸ್ಟರು. "ಬಿಟ್ಟುಕೊಡೋದೇ ದೊಡ್ಡತನ. ನಾನು ನನ್ನ ಕತ್ತರಿ ಬಿಟ್ಟುಕೊಟ್ಟೆ. ನೀನು ನಿನ್ನ ಸರದಿ ಬಿಟ್ಟುಕೊಡು."

ಚಾಚಿದ ಕೈಗಳ ಮೇಲಿಂದ ದಾಟಿಕೊಂಡು ಕತ್ತರಿ ಮೊಮ್ಮಗಳ ಕೈ ಸೇರಿತು.

ಕ್ಷೌರದವನು ಚಪ್ಪಾಳೆ ತಟ್ಟಿದ. ಔಷಧದಂಗಡಿಯವರು, "ಒಂದೇ ಮನೇಲಿ ಇಬ್ಬರು ದೊಡ್ಡ ಮನುಷ್ಯರು," ಅಂತ ಕಣ್ಣೊರೆಸಿಕೊಂಡರು. ಇಷ್ಟು ಜನರ ಮುಂದೆ ನಾನು ಬಿಟ್ಟುಕೊಡಲ್ಲ ಅನ್ನುವುದು ಹೇಗೆ? ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. "ಅದಕ್ಕೇನಂತೆ," ಅಂದರು ಸಣ್ಣ ಮಾಸ್ಟರು.

ನೆರೆಯವರು ಹೋದರು. ದೊಡ್ಡ ಮಾಸ್ಟರು ಮುಂಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಗಾಳಿಗೆ ಕೂತರು. ಇದೇ ಸಮಯ ಅಂತ ಸಣ್ಣ ಮಾಸ್ಟರು ಮಗಳ ಹತ್ತಿರ ಸರಿದು, ಧ್ವನಿ ತಗ್ಗಿಸಿ ಕೇಳಿದರು.

"ಆ ಕರಿ ಕೋಟು ಇದೆಯಲ್ಲ, ಅದೊಂದನ್ನ ನಾನು ಕತ್ತರಿಸಲೇನಮ್ಮ?"

ಮಗಳು ಒಳ್ಳೆಯವಳು. ಅಪ್ಪನ ಮುಖ ನೋಡಿ ಅವಳಿಗೆ ಕರುಳು ಚುರುಕ್ಕೆಂದಿತು.

"ಅಯ್ಯೋ, ಅದಕ್ಕೇನಪ್ಪ, ನನ್ನದೇನೂ ಅಡ್ಡಿ ಇಲ್ಲ," ಅಂದಳು. "ಇರು, ತಾತನ್ನ ಒಂದು ಮಾತು ಕೇಳಿ ಬರ್ತೀನಿ."