ದೊಡ್ಡಮ್ಮನ ನಾಲಿಗೆ ಮತ್ತು ಅರ್ಧಚಂದ್ರ ತಲೆಯ ಹುಳು

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ನಮ್ಮ ದೊಡ್ಡಮ್ಮ ಒಂದು ಹುಳುವಿನ ರುಚಿ ನೋಡಿದರು. ಹೌದು, ಹುಳುವಿನದೇ! ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಬೇಕರಿಯವನನ್ನು ಮೂರು ಸಲ ಕೇಳುವ ಹೆಂಗಸು!

ಲೋಕದ ಯಾವ ವಸ್ತುವನ್ನೂ ನಾಲಿಗೆಗೆ ತಾಗಿಸದೆ ಅವರು ನಂಬುವವರಲ್ಲ. ಜೀವನ್ ಬಿಮಾ ನಗರದ ನಮ್ಮ ಮನೆಗೆ ನರ್ಸರಿಯಿಂದ ಕೆಮ್ಮಣ್ಣು ಬಂದರೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಉಪ್ಪು ಜಾಸ್ತಿ, ವಾಪಸ್ ತಗೊಂಡ್ಹೋಗಪ್ಪಾ" ಎನ್ನುತ್ತಾರೆ. ಅವನು ತೆಗೆದುಕೊಂಡೂ ಹೋಗುತ್ತಾನೆ! ಶಿವಾಜಿನಗರದ ಪೇಂಟ್ ಅಂಗಡಿಯಲ್ಲಿ ಸುಣ್ಣದ ಪುಡಿಗೆ ಬೆರಳು ಅದ್ದಲು ಹೋದಾಗ ಅಂಗಡಿಯ ಭಾಯ್ ಡಬ್ಬವನ್ನೇ ಅಪ್ಪಿಕೊಂಡಿದ್ದರು. "ಅಮ್ಮಾ, ಕೈ ಮುಗೀತೀನಿ, ಇದೊಂದು ಬೇಡ. ಚಾಯ್ ತರಿಸ್ತೀನಿ, ಅದ್ರ ರುಚಿ ನೋಡಿ." ದೊಡ್ಡಮ್ಮ ಚಾಯ್ ಕುಡಿದು, ಏಲಕ್ಕಿ ಹಳೇದು ಎಂದರು.

ಆ ಭಾನುವಾರ ದಾಸವಾಳದ ಕುಂಡ ಎತ್ತಿ ಕಟ್ಟೆಯ ಮೇಲಿಟ್ಟಾಗ ಅದರ ಬುಡದಿಂದ ಏನೋ ಹೊರಟಿತು. ಗೇಣುದ್ದ, ಶೂ ಲೇಸಿನಷ್ಟು ತೆಳ್ಳಗೆ, ಜೇನಿನ ಬಣ್ಣ, ಬೆನ್ನುದ್ದಕ್ಕೂ ಕಪ್ಪು ಗೆರೆಗಳು. ತಲೆ ಮಾತ್ರ ಅರ್ಧಚಂದ್ರ! ಆ ತಲೆಯನ್ನು ಎತ್ತಿ ಅತ್ತಿತ್ತ ಆಡಿಸುತ್ತಾ, ಕಾಲಿಲ್ಲದೆ, ಮೈ ಕುಗ್ಗಿಸದೆ, ಚೆಲ್ಲಿದ ಎಣ್ಣೆಯ ಹಾಗೆ ಹರಿಯಿತು. ಕಟ್ಟೆಯ ಅಂಚಿಗೆ ಬಂದದ್ದು ಬೀಳಲಿಲ್ಲ. ತನ್ನದೇ ಲೋಳೆಯನ್ನು ದಾರ ಮಾಡಿಕೊಂಡು ಅದರಲ್ಲಿ ಜೋತು ಇಳಿಯಿತು. ನಾವಿಬ್ಬರೂ ಕೈ ಮುಗಿಯುವುದೊಂದು ಬಾಕಿ.

"ಎರೆಹುಳಕ್ಕೆ ಯಾರೋ ಪೇಟ ಕಟ್ಟಿದ್ದಾರೆ ಕಣೇ!" ಎಂದರು ದೊಡ್ಡಮ್ಮ.

ನಾನು ಫೋಟೊ ತೆಗೆದು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳತಿಗೆ ಕಳಿಸುವಷ್ಟರಲ್ಲಿ ದೊಡ್ಡಮ್ಮ ಆ ಲೋಳೆಯನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟಾಗಿತ್ತು. ಅದೇ ಹೊತ್ತಿಗೆ ಗೆಳತಿಯ ಫೋನ್.

"ಬೆನ್ನ ಮೇಲೆ ಎಷ್ಟು ಗೆರೆ ಇದೆ ನೋಡು."

"ಐದು."

"ಹಾಗಾದ್ರೆ ಅದೇ, ಚಪ್ಪಟೆ ಹುಳು! ಎಲ್ಲಿಂದಲೋ ಗಿಡದ ಮಣ್ಣಲ್ಲಿ ಬಂದಿರುತ್ತೆ. ಎರೆಹುಳಾನ ಬೇಟೆ ಆಡುತ್ತೆ. ಬಾಯಿ ಇರೋದು ಹೊಟ್ಟೆ ಮಧ್ಯೆ! ಕತ್ತರಿಸ್ಬೇಡ, ತುಂಡುತುಂಡೂ ಬೆಳೆದು ಹೊಸ ಹುಳ ಆಗುತ್ತೆ. ಮೈಯಲ್ಲಿ ವಿಷ ಇದೆ, ಬರಿಗೈಲಿ ಮುಟ್ಬೇಡ ಮಗಾ."

"ನೆಕ್ಕಿದ್ರೆ?"

"ಯಾರು ಗುರು ನೆಕ್ತಾರೆ ಅದನ್ನ?"

ತಿರುಗಿ ನೋಡಿದೆ. "ತುಟಿ ಜುಮ್ ಅಂತಿದೆ" ಎಂದ ದೊಡ್ಡಮ್ಮ ಮುಂದಿನ ಮಾತಿಗೆ ಬಾಯಿ ತೆರೆದರು, ಮಾತು ಬರಲಿಲ್ಲ. ನಿದ್ದೆಯಲ್ಲೂ ಸುಮ್ಮನಿರದ ನಾಲಿಗೆ ನಿಂತುಹೋಗಿತ್ತು!

ಆಟೊ ಹಿಡಿದು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಫೋಟೊವನ್ನು ದೊಡ್ಡದು ಮಾಡಿ ನೋಡಿ, "ಅದ್ಭುತ!" ಎಂದರು. ಆಮೇಲೆ ನಮ್ಮ ನೆನಪಾಗಿ ಕೆಮ್ಮಿದರು. "ಉಸಿರಾಟ ಒಂದು ಸರಿಯಾಗಿದ್ರೆ ಭಯ ಇಲ್ಲ. ಸಂಜೆವರೆಗೂ ಇಲ್ಲೇ ಇರ್ಲಿ."

ನನಗೆ ಭಯ ಹತ್ತಲು ಅಷ್ಟು ಸಾಕಾಯಿತು. ನಾನು ಅವರ ಎದೆಯನ್ನೇ ನೋಡುತ್ತಾ ಕೂತೆ. ಏರುತ್ತಿದೆ. ಇಳಿಯುತ್ತಿದೆ. ಇಳಿದದ್ದು ಮತ್ತೆ ಏರುವುದೇ? ಮಧ್ಯಾಹ್ನ ಕ್ಯಾಂಟೀನಿನ ಇಡ್ಲಿಯ ಚೂರೊಂದನ್ನು ಬಾಯಿಗಿಟ್ಟುಕೊಂಡು, "ಉದ್ದು ಸಾಲದು" ಎಂದರು. ನಾನು ಗೊಳೋ ಎಂದು ಅತ್ತುಬಿಟ್ಟೆ. ಇಡ್ಲಿಗೆ ಯಾಕಿಷ್ಟು ಅಳ್ತಾಳೆ ಎಂದು ನರ್ಸ್ ನೋಡಿದಳು.

ಮನೆಗೆ ಬಂದ ಮೇಲೆ ದೊಡ್ಡಮ್ಮ ಎಂದಿನಂತೆ ಇದ್ದರು. ನಾನು ಹಾಗಿರಲಿಲ್ಲ. ಕಣ್ಣು ಮುಚ್ಚಿದರೆ ಆ ಬೆರಳು ನಾಲಿಗೆಯ ಕಡೆಗೆ ಹೋಗುತ್ತಲೇ ಇತ್ತು. ರಾತ್ರಿ ಮತ್ತೆ ಮತ್ತೆ ಎದ್ದು ಅವರ ಕೋಣೆಯ ಬಾಗಿಲಲ್ಲಿ ನಿಂತು ಉಸಿರು ಆಲಿಸುತ್ತಿದ್ದೆ. ಮಲಗಿದ್ದಾರೆ, ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಶನಿವಾರ ಹಾಸಿಗೆ ಸುತ್ತಿಕೊಂಡು ನನ್ನ ಕೋಣೆಗೇ ಬಂದರು. "ನೀನು ಬಾಗಿಲಲ್ಲಿ ನಿಂತಿದ್ರೆ ನಂಗೆಲ್ಲಿ ನಿದ್ದೆ ಬರುತ್ತೆ? ಜರುಗೇ" ಎಂದು ಪಕ್ಕದಲ್ಲಿ ಮಲಗಿ, ನನ್ನ ಕೈ ಎಳೆದು ತಮ್ಮ ಪಕ್ಕೆಲುಬಿನ ಮೇಲೆ ಇಟ್ಟುಕೊಂಡರು. "ಇಲ್ಲೇ ಇದೆ ನೋಡು, ಹೋಗಿಲ್ಲ."

ಆಮೇಲೆ ಗೊರಕೆ ಶುರುವಾಯಿತು. ಕಿಟಕಿಯ ಗಾಜು ಅದುರುವಂಥ ಗೊರಕೆ! ನಾನು ಎದ್ದಾಗ ಬೆಳಗಾಗಿತ್ತು. ಕೈ ಅಲ್ಲೇ ಇತ್ತು.